ಅಂಬಲಿ ಗಡಿಗೆಯ ಬಾಯಿ ಕಟ್ಟಿದ್ದು

ಭಾಲ್ಕಿ ಬಸ್ ನಿಲ್ದಾಣದಲ್ಲಿ ನಾನು ಕಂಟ್ರೋಲರ್ ಆಗಿದ್ದಷ್ಟು ಕಾಲ ನನ್ನ ಸೀಟಿ ಕೇಳದೆ ಔರಾದ ಬಸ್ಸು ಕದಲಿದ್ದಿಲ್ಲ. ಡ್ರೈವರ್ ಚಹಾದಂಗಡಿಯಲ್ಲಿರಲಿ, ಕಂಡಕ್ಟರ್ ಬೀಗರೊಂದಿಗೆ ಹರಟೆಯಲ್ಲಿರಲಿ, ಸೀಟಿ ಬಿತ್ತೆಂದರೆ ಬಸ್ಸು ಹೊರಟ ಹಾಗೆಯೇ. ಅಂಥ ನಾನು ಒಬ್ಬ ಹೆಂಗಸನ್ನು ಕೋಣೆಯಿಂದ ಹುಲ್ಲುಹಾಸಿನವರೆಗೆ ಹೊರಡಿಸಲಾರೆನೇ? ನಡುವೆ ಇರುವುದು ಒಂದು ಪಡಸಾಲೆ, ನಾಲ್ಕಾರು ಮೆಟ್ಟಿಲು. ಹೊರಡಿಸಿಯೇ ತೀರುತ್ತೇನೆಂದು ಎಳ್ಳಮಾವಾಸ್ಯೆಗೆ ಕೆಲವು ದಿನ ಮೊದಲು ಪಣ ತೊಟ್ಟೆ. ಆ ಹೆಂಗಸು ನನ್ನ ಹೆಂಡತಿ ಮೀರಾಬಾಯಿ.

ಬೀದರದಿಂದ ಜನವಾಡಕ್ಕೆ ಹೋಗುವ ದಾರಿಯಲ್ಲಿ ಹಿರಿಯರಿಗೆಂದೇ ಕಟ್ಟಿದ ವಸತಿಯೊಂದರಲ್ಲಿ ನಾವಿಬ್ಬರೂ ಇದ್ದೇವೆ. ಯಾರೂ ತಂದು ಬಿಟ್ಟದ್ದಲ್ಲ. ನೋಡಿ, ಮೆಚ್ಚಿ, ನಾವೇ ಬಂದದ್ದು. ಮೆಚ್ಚಿದ್ದು ನಾನು, ಮೀರಾಬಾಯಿ ನೋಡಿದಳು, ಅಷ್ಟೆ. ಊಟದ ಮನೆಯ ಗೋಡೆಗೆ ಒಂದು ಫಲಕ ತೂಗುಹಾಕಿದ್ದಾರೆ. ಬೆಳಿಗ್ಗೆ ಯೋಗ, ಆಮೇಲೆ ನಗೆಕೂಟ, ಮಧ್ಯಾಹ್ನ ಕೇರಂ, ಸಂಜೆ ಭಜನೆ. ಬಂದ ಸ್ವಲ್ಪ ದಿನಕ್ಕೇ ಅದರ ಉಸ್ತುವಾರಿ ನನ್ನದಾಯಿತು. ಯಾರೂ ಕೊಡಲಿಲ್ಲ. ಸೀಟಿ ನನ್ನ ಹತ್ತಿರ ಇತ್ತು, ಅಷ್ಟೇ ಸಾಕಾಯಿತು. ನಗೆಕೂಟಕ್ಕೂ ಸೀಟಿಯೇ. ಮೊದಲ ಸೀಟಿಗೆ ನಗಬೇಕು, ಎರಡನೆಯದಕ್ಕೆ ನಿಲ್ಲಿಸಬೇಕು. ಔರಾದದ ನಿವೃತ್ತ ಹೆಡ್‌ಮಾಸ್ತರ ಗೋರಖನಾಥರು ಎರಡನೆಯ ಸೀಟಿಯ ಮೇಲೂ ನಕ್ಕರೆಂದು ಒಮ್ಮೆ ಅವರನ್ನು ಗದರಿದ್ದೂ ಉಂಟು.

ಮೀರಾಬಾಯಿ ಮಾತ್ರ ಫಲಕದ ಯಾವ ಸಾಲಿಗೂ ಸೇರಲಿಲ್ಲ. ಅವಳಿಗೆ ಪಕ್ಕದ ಕೋಣೆಯ ಶಾಕಿರಾ ಬೇಗಂ ಇದ್ದರು. ಜನವಾಡದವರು, ಅವಳು ಅವರನ್ನು ಅಕ್ಕನೆಂಬ ಅರ್ಥದಲ್ಲಿ ಆಪಾ ಎಂದು ಕರೆಯುತ್ತಿದ್ದಳು. ಇಬ್ಬರೂ ಹಗಲೆಲ್ಲ ಹಿತ್ತಲಲ್ಲಿ ಎಲ್ಲೋ ಕುಳಿತು ಅಡುಗೆಮನೆಯ ಸೊಪ್ಪು ಸೋಸುತ್ತಿದ್ದರು. ಫಲಕದಲ್ಲಿ ಸೊಪ್ಪಿನ ಪ್ರಸ್ತಾಪವಿರಲಿಲ್ಲವಾಗಿ ಅದನ್ನು ನಾನು ಚಟುವಟಿಕೆಯೆಂದು ಎಣಿಸಲೇ ಇಲ್ಲ.

ದೀಪಾವಳಿ ಕಳೆದ ಮೇಲೆ ಆಪಾ ತೀರಿಕೊಂಡರು. ಚಹಾ ಕುಡಿದು ಮಲಗಿದವರು ಏಳಲಿಲ್ಲ. ಮಗಳು ಬಂದು ಸಾಮಾನು ಒಯ್ದಳು. ಆಪಾ ಅಂಬಲಿ ಮಾಡುತ್ತಿದ್ದ ಮಣ್ಣಿನ ಗಡಿಗೆಯನ್ನು ಮಾತ್ರ ಮೀರಾಬಾಯಿಯ ಕೈಗೆ ಕೊಟ್ಟು ಹೋದಳು. ಗಡಿಗೆ ನಮ್ಮ ಮಂಚದ ಕೆಳಗೆ ಸೇರಿತು. ಮೀರಾಬಾಯಿ ಮಂಚ ಹಿಡಿದಳು.

ನಾನು ಹೊರಡುವಾಗ ಮಲಗಿರುತ್ತಿದ್ದಳು, ಮರಳಿದಾಗಲೂ ಮಲಗಿರುತ್ತಿದ್ದಳು. ಊಟದ ಮನೆಗೆ ಬರುವುದು ನಿಂತಿತು. ಕೋಣೆಗೆ ತಂದ ಡಬ್ಬಿ ಮುಟ್ಟಿದರೆ ಮುಟ್ಟಿದಳು, ಇಲ್ಲದಿದ್ದರೆ ಇಲ್ಲ. ದುಃಖದಲ್ಲಿರುವವಳಿಗೆ ಕೆಲಸದ ಹೊರೆ ಬೇಡವೆಂದು, ಇನ್ನು ಮೇಲೆ ಸೊಪ್ಪು ಕೊಡಕೂಡದೆಂದು ಅಡುಗೆಯ ಆಮ್ರಪಾಲಿಗೆ ಅಪ್ಪಣೆ ಮಾಡಿದೆ. ಆಕೆ ತಲೆಯಾಡಿಸಿದಳು. ಹೀಗಿರುವಾಗ ಮ್ಯಾನೇಜರ್ ಕೈಲಾಶ ಒಂದು ದಿನ ನನ್ನನ್ನು ಬದಿಗೆ ಕರೆದ.

"ಕಾಕಾ, ಕಾಕು ಹಿಂಗೇ ಮಲ್ಕೊಂಡ್ರ ಹ್ಯಾಂಗ್ರಿ? ಅಮಾಸಿ ಆದ ಮ್ಯಾಲ ಡಾಕ್ಟರ್ ಬರ್ತಾರ. ಅವ್ರು ಹೇಳಿದ್ರಂದ್ರ ಹಿಂದಿನ ಕಟ್ಟಡಕ್ಕ ಕಳಸಬೇಕಾಗ್ತದ."

ಹಿಂದಿನ ಕಟ್ಟಡವೆಂದರೆ ತಾವಾಗಿ ಏಳಲಾರದವರ ಆರೈಕೆಗೆ ಇರುವುದು. ಜೊತೆಗೆ ಗಂಡನನ್ನು ಸೇರಿಸುವುದಿಲ್ಲ. ಅಲ್ಲಿಗೆ ಹೋದ ಹಾಸಿಗೆಗಳು ಮರಳಿ ಬಂದದ್ದನ್ನು ಕಂಡಿದ್ದೇನೆ. ಮಲಗಿದವರು ಬಂದದ್ದನ್ನು ಕಂಡಿಲ್ಲ.

ಆಗ ನನಗೆ ಹೊಳೆದದ್ದು ಎಳ್ಳಮಾವಾಸ್ಯೆ. ನಮ್ಮ ಕಡೆ ಆ ದಿನ ಮನೆಯಲ್ಲಿ ಉಳಿಯುವವರಿಲ್ಲ. ಎಲ್ಲರೂ ಹೊಲಕ್ಕೆ ಹೋಗಿ, ಭೂಮಿತಾಯಿಗೆಂದು ಸುತ್ತ ಎಡೆಯ ಚರಗ ಚೆಲ್ಲಿ, ಕಾಳು-ಸೊಪ್ಪಿನ ಭಜ್ಜಿ ತಿಂದು ಅಂಬಲಿ ಕುಡಿದು ಬರುತ್ತಾರೆ. ಹೊಲವಿಲ್ಲದ ನಾವು ಗೇಟಿನ ಬಳಿ ನಿಂತು, ಜನವಾಡದ ಕಡೆ ಹೋಗುವ ಟ್ರ್ಯಾಕ್ಟರುಗಳಿಗೆ ಕೈ ಬೀಸುತ್ತೇವೆ. ಈ ಸಲ ಹುಲ್ಲುಹಾಸೇ ನಮ್ಮ ಹೊಲವೆಂದು ಘೋಷಿಸಿದೆ. ಜೋಳದ ದಂಟಿನಿಂದ ಕೊಂಪಿ ಎಂಬ ಪುಟ್ಟ ಗುಡಿಸಲು ಕಟ್ಟುವುದು, ಆಮ್ರಪಾಲಿಯಿಂದ ಭಜ್ಜಿ ಮಾಡಿಸುವುದು. ಅಂಬಲಿ ನಾನೇ, ಆಪಾರ ಗಡಿಗೆಯಲ್ಲಿಯೇ! ಆ ವಾಸನೆ ಮೂಗಿಗೆ ಬಡಿದರೆ ಮೀರಾಬಾಯಿ ತಾನಾಗಿ ಎದ್ದು ಬರುವಳೆಂಬುದು ನನ್ನ ಲೆಕ್ಕಾಚಾರ. ಅವಳ ಬೆನ್ನು ಆ ಕಡೆ ಇದ್ದಾಗ ಗಡಿಗೆಯನ್ನು ಮಂಚದ ಕೆಳಗಿನಿಂದ ಸರಿಸಿಕೊಂಡೆ.

ಅಂಬಲಿಯನ್ನು ನಾನು ಹಿಂದೆಂದೂ ಮಾಡಿರಲಿಲ್ಲ. ಜೀವಮಾನವಿಡೀ ಕುಡಿದಿದ್ದೆ, ಆ ಅರ್ಹತೆ ಸಾಕೆನಿಸಿತು. ಜೋಳದ ಹಿಟ್ಟು ಕುದಿಸಿದೆ, ಆರಿಸಿದೆ, ಮಜ್ಜಿಗೆ ಬೆರೆಸಿದೆ, ಬೆಳ್ಳುಳ್ಳಿ ಹಾಕಿದೆ, ಗಡಿಗೆಯನ್ನು ಕಂಠದವರೆಗೆ ತುಂಬಿದೆ. ಬಾಯಿ ಮುಚ್ಚುವ ಪ್ರಶ್ನೆ ಬಂತು. ಈದ್ ಹಬ್ಬದಂದು ಆಪಾ ಬಿರಿಯಾನಿ ಹಂಡೆಯ ಮುಚ್ಚಳದ ಸುತ್ತ ಗೋಧಿ ಕಣಕ ಮೆತ್ತಿ ಬಿಗಿ ಮಾಡುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ. ಆಪಾರ ಕೈಯ ರುಚಿಯ ಗುಟ್ಟು ಅಲ್ಲಿಯೇ ಇದೆಯೆಂದು ತೀರ್ಮಾನಿಸಿ ನಾನೂ ಕಣಕ ಮೆತ್ತಿದೆ, ಧಾರಾಳವಾಗಿ. ಚಳಿಗೆ ಹುಳಿ ಏರಲಿಕ್ಕಿಲ್ಲವೆಂದು ಗಡಿಗೆಯನ್ನು ಬಿಸಿನೀರು ಕಾಯಿಸುವ ಕೋಣೆಯಲ್ಲಿ ಬೆಚ್ಚಗೆ ಇರಿಸಿದೆ.

ಅಮಾವಾಸ್ಯೆಯ ಬೆಳಿಗ್ಗೆ ಕಣಕ ಕಲ್ಲಾಗಿತ್ತು. ಗಡಿಗೆಯನ್ನು ಕೊಂಪಿಯ ಮುಂದೆ, ಎಳೆಬಿಸಿಲಿನಲ್ಲಿ ಕೂರಿಸಿದೆ. ಕೋಣೆಗೆ ಹೋಗಿ, ಎಲ್ಲರೂ ಕೂಡುತ್ತಿದ್ದಾರೆ, ಏಳು ಎಂದೆ. "ನೀವು ಹೋಗ್ರಿ, ನಾ ಬರ್ತೇನಿ" ಎಂದು ಮೀರಾಬಾಯಿ ಗೋಡೆಯ ಕಡೆ ಹೊರಳಿದಳು.

ಗೋರಖನಾಥರು ಇಸ್ತ್ರಿ ಮಾಡಿದ ಬಿಳಿ ಟೋಪಿ ತೊಟ್ಟು ಬಂದರು. ಗಡಿಗೆ ಹೊತ್ತು ಹುಲ್ಲುಹಾಸಿನ ಸುತ್ತ ನಡೆಯುವ ಗೌರವ ಅವರದು. ಅವರು ಬಗ್ಗಿದರು, ನಾನು ಸೀಟಿ ಊದಿದೆ. ಆಯುಷ್ಯದಲ್ಲಿ ಊದಿದ ಸೀಟಿಗಳಿಗೆ ಲೆಕ್ಕವಿಲ್ಲ, ಆದರೆ ಯಾವ ಬಸ್ಸೂ ಇಷ್ಟು ತಕ್ಷಣ ಓಗೊಟ್ಟಿದ್ದಿಲ್ಲ. ಗಡಿಗೆ ಢಮ್ಮೆಂದು ಒಡೆಯಿತು. ಕಣಕ ಕಚ್ಚಿದ್ದ ಬಾಯಿ ಮಾತ್ರ ಇಡಿಯಾಗಿ ಉಳಿಯಿತು, ಹೊಟ್ಟೆ ಇರಲಿಲ್ಲ. ಹೊಟ್ಟೆಯೊಳಗಿದ್ದದ್ದು ಗೋರಖನಾಥರ ಟೋಪಿಯಿಂದ ಚಪ್ಪಲಿಯವರೆಗೆ ಹರಡಿತ್ತು. ಕನ್ನಡಕದ ಒಂದು ಗಾಜಿಗೆ ಬೆಳ್ಳುಳ್ಳಿ ಎಸಳೊಂದು ಅಂಟಿತ್ತು.

ಕಾವಲಿನ ಅಬ್ದುಲ ಮಜೀದ ಇದನ್ನು ಅಡುಗೆಮನೆಯ ಸಿಲಿಂಡರೆಂದು ತಿಳಿದು ಸೈರನ್ ಒತ್ತಿದ. ಅದನ್ನು ಒತ್ತುವುದು ಹೇಗೆಂದು ಅವನಿಗೆ ಇತ್ತೀಚೆಗಷ್ಟೇ ಕಲಿಸಿದ್ದರು, ಅವಕಾಶಕ್ಕೆ ಕಾಯುತ್ತಿದ್ದ. ಆಮ್ರಪಾಲಿ ಭಜ್ಜಿಯ ಒಲೆ ಆರಿಸಿ ಹೊರಗೋಡಿದಳು. ಮಂಡಿನೋವೆಂದು ಯೋಗಕ್ಕೆ ಬಾರದವರು ನನ್ನನ್ನು ಹಿಂದೆ ಹಾಕಿ ಗೇಟಿನತ್ತ ಧಾವಿಸಿದರು. ಫಲಕದ ಯಾವ ಚಟುವಟಿಕೆಯೂ ಅವರಲ್ಲಿ ಇಂಥ ಹುರುಪು ತುಂಬಿರಲಿಲ್ಲ.

ಗೇಟಿನ ಬಳಿ ಕೈಲಾಶ ಒಬ್ಬೊಬ್ಬರ ಹೆಸರು ಕೂಗಿದ. ಒಂದು ಹೆಸರಿಗೆ ಉತ್ತರ ಬರಲಿಲ್ಲ. ಮತ್ತೆ ಕೂಗಿದ. ಎಲ್ಲರೂ ನನ್ನ ಕಡೆ ನೋಡಿದರು, ಆಮ್ರಪಾಲಿ ಮಾತ್ರ ಅಡುಗೆಮನೆಯ ಕಡೆ.

ಕೋಣೆಗೆ ಓಡಿದೆ. ಮಂಚ ಬರಿದಾಗಿತ್ತು. ಬಚ್ಚಲು ನೋಡಿದೆ. ಪಕ್ಕದ ಆಪಾರ ಕೋಣೆಗೆ ಬೀಗವಿತ್ತು. ಆದರೂ ಬಾಗಿಲು ಬಡಿದೆ. ಹಿತ್ತಲಲ್ಲಿ ಹಳೆಯ ಬಾವಿಯೊಂದಿದೆ. ಅದಕ್ಕೆ ಕಬ್ಬಿಣದ ಜಾಳಿಗೆ ಹಾಕಿಸಿದ್ದಾರೆಂದು ಗೊತ್ತಿತ್ತು. ಗೊತ್ತಿದ್ದೂ ಹೋಗಿ ಬಗ್ಗಿ ನೋಡಿದೆ. ಸೀಟಿ ಕೈಯಲ್ಲೇ ಇತ್ತು, ಊದುವುದು ನೆನಪಾಗಲಿಲ್ಲ.

"ಏನ್ರಿ ಅದು ಸಪ್ಪಳ?"

ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ, ಕರಿಬೇವಿನ ನೆರಳಿನಲ್ಲಿ ಮೀರಾಬಾಯಿ ಕುಳಿತಿದ್ದಳು. ಮಡಿಲಲ್ಲಿ ಮೆಂತ್ಯ ಸೊಪ್ಪು. ಪಕ್ಕದಲ್ಲಿ ಒಂದು ಖಾಲಿ ಮಣೆ.

"ನೀ ಇಲ್ಲಿ ಏನ್ ಮಾಡ್ಲಿಕತ್ತೀದಿ?"

"ಕಾಣಸಲ್ಲೇನು? ಮೆಂತಿ ಸೋಸ್ಲಿಕತ್ತೇನಿ. ದಿನಾ ಸೋಸ್ತೇನಿ."

ನಿಧಾನವಾಗಿ ತಿಳಿಯಿತು. ಹುಲ್ಲುಹಾಸಿನಲ್ಲಿ ನನ್ನ ಸೀಟಿ ಮೊಳಗಿದೊಡನೆ ಅವಳು ಎದ್ದು ಇಲ್ಲಿಗೆ ಬರುತ್ತಿದ್ದಳು. ಕೊನೆಯ ಸೀಟಿಗೆ ಮರಳಿ ಹೋಗಿ ಮಲಗುತ್ತಿದ್ದಳು. ಆಮ್ರಪಾಲಿ ನನ್ನ ಅಪ್ಪಣೆಗೆ ತಲೆಯಾಡಿಸಿದ್ದಷ್ಟೇ ನಿಜ. ಸೊಪ್ಪು ಕೊಡುತ್ತಿದ್ದಳು, ತನ್ನ ತಾಟಿನಲ್ಲೇ ಇವಳಿಗೂ ಉಣ್ಣಿಸುತ್ತಿದ್ದಳು.

ಇನ್ನು ಗಡಿಗೆಯ ವಿಷಯ ಹೇಳದೆ ಗತಿಯಿರಲಿಲ್ಲ. ಹೇಳಿದೆ. ಅವಳ ಬೆರಳುಗಳು ನಿಂತವು.

"ಬಾಯಿಗಿ ಏನ್ ಕಟ್ಟಿದ್ರಿ?"

"ಕಣಕ."

"ಅಂಬಲಿಗಿ ಯಾರರ ಕಣಕ ಹಚ್ತಾರೇನ್ರಿ? ಅರಿವಿ ಕಟ್ಟಬೇಕು. ಅದಕ್ಕೂ ಉಸಿರು ಬೇಕಲ್ಲ."

ಮತ್ತೊಂದು ದಂಟಿನ ಎಲೆ ಬಿಡಿಸಿದಳು. ಆಮೇಲೆ, "ಆಪಾ ಇದ್ದಿದ್ರ ಹೊಟ್ಟಿ ಹಿಡ್ಕೊಂಡು ನಗ್ತಿದ್ಳು" ಎಂದಳು. ತಾನು ನಗಲಿಲ್ಲ.

ಡಾಕ್ಟರ್ ಬರುವುದನ್ನೂ ಹಿಂದಿನ ಕಟ್ಟಡದ ಮಾತನ್ನೂ ಹೇಳಿದೆ. ನೀನು ಮಲಗಿಯೇ ಬಿಟ್ಟೆಯೆಂದು ಹೆದರಿದ್ದೆ, ಅದಕ್ಕೇ ಇಷ್ಟೆಲ್ಲ ಮಾಡಿದೆ ಎಂದೆ.

"ಮಲ್ಕೊಂಡಿರ್ಲಿಲ್ರಿ. ಅಡಗಿದ್ದೆ."

"ಯಾರಿಗಿ ಅಂಜಿ?"

"ನಿಮ್ಮ ಸೀಟಿಗಿ. ಮೊದಲ ನಾನೂ ಆಪಾನೂ ಕೂಡಿ ಅಡಗ್ತಿದ್ದೆವು. ಈಗ ಒಬ್ಬಾಕಿನೇ ಅಡಗಬೇಕಾಗ್ಯಾದ."

ಅಷ್ಟರಲ್ಲಿ ಕೈಲಾಶ ಏದುಸಿರು ಬಿಡುತ್ತ ಬಂದ. ಹಿಂದೆ ಇಡೀ ವಸತಿಯೇ ಬಂತು, ಅಂಬಲಿ ತೊಟ್ಟಿಕ್ಕುವ ಗೋರಖನಾಥರ ಸಮೇತ. ದಿನವೂ ಇಲ್ಲೇ ಇರುತ್ತೀರಾ ಎಂದು ಕೈಲಾಶ ಕೇಳಿದ.

"ಹೌದಪ್ಪಾ. ಡಾಕ್ಟರ್ ಬಂದ್ರ ಇಲ್ಲೇ ಕಳಸು. ಮೆಂತಿ ಭಾಳ ಅದಾ."

ಅಂದು ಎಲ್ಲರೂ ಅಂಬಲಿಯಿಲ್ಲದೆ, ಅರೆಬೆಂದ ಭಜ್ಜಿ ತಿಂದರು. ಮರುವಾರ ಡಾಕ್ಟರ್ ಬಂದು, ಅದೇ ಮೆಟ್ಟಿಲ ಮೇಲೆ ಕುಳಿತು ಮೀರಾಬಾಯಿಯ ನಾಡಿ ನೋಡಿದರು. ಹಿಂದಿನ ಕಟ್ಟಡದ ಮಾತು ಎತ್ತಲಿಲ್ಲ. ಹೋಗುವ ಮೊದಲು ನನ್ನ ನಾಡಿಯನ್ನೂ ನೋಡಿ, ನೀವು ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಬೇಕು ಎಂದರು.

ಅವರು ಹೋದ ಮೇಲೆ ನಾನು ಮಣೆಯ ಮೇಲೆ ಕೂರಲು ಹೋದೆ. ಅದು ಆಪಾರದೆಂದು ಮೀರಾಬಾಯಿ ತಡೆದಳು. ಗೋಣಿಚೀಲವೊಂದನ್ನು ಹಾಸಿ, ಕೈಗೆ ಒಂದು ಕಟ್ಟು ಮೆಂತ್ಯ ಕೊಟ್ಟಳು. ಅಭ್ಯಾಸಬಲ ನೋಡಿ, ಎಷ್ಟು ಗಂಟೆಯೊಳಗೆ ಮುಗಿಸಬೇಕೆಂದು ಕೇಳಿದೆ.

ಅವಳು ಕಟ್ಟನ್ನು ವಾಪಸು ತೆಗೆದುಕೊಂಡು ಕೈ ಚಾಚಿದಳು.

"ಮೊದಲ ಆ ಸೀಟಿ ಇಲ್ಲಿ ಕೊಡ್ರಿ."

ಕೊಟ್ಟೆ. ಅದು ಮೆಂತ್ಯದ ದಂಟುಗಳ ಜೊತೆ ಕಸದ ಬುಟ್ಟಿಗೆ ಬಿತ್ತು.