ಎತ್ತಿಟ್ಟ ಕೇಬಲ್ಲು

ಹೊಸ ವಸ್ತು ಮನೆಗೆ ಬಂದರೆ ಅದನ್ನು ಬಳಸಲು ನನಗೆ ಮನಸ್ಸೇ ಬರುವುದಿಲ್ಲ. ಇದು ಜಿಪುಣತನವಲ್ಲ ಮಕ್ಕಳೇ, ಒಳ್ಳೆಯ ವಸ್ತುವಿಗೆ ಒಳ್ಳೆಯ ದಿನ ಬರಲಿ ಎಂದು ಕಾಯುವುದು, ಅಷ್ಟೆ. ನಿಮ್ಮ ತಾತನಿಗೆ ತಂದ ಬಿಳಿ ಅಂಗಿಯನ್ನೂ ಹೀಗೆಯೇ ಎತ್ತಿಟ್ಟಿದ್ದೆ. "ಯಾವಾಗ್ಲೇ ಹಾಕದು ಅದ? ನಾನು ಹೋದ್ಮೇಲಾ?" ಎಂದು ಅವರು ನಗುತ್ತಿದ್ದರು. ಕೊನೆಗೆ ಹಾಗೆಯೇ ಆಯಿತು. ಅದನ್ನು ಅವರಿಗೆ ಬೇರೆಯವರು ತೊಡಿಸಿದರು. ಅದಾದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ ಎಂಬುದಕ್ಕೆ ಹುಣಸೂರಿನ ಕಂಪ್ಯೂಟರ್ ಅಂಗಡಿಯವರೊಬ್ಬರು ಸಾಕ್ಷಿ.

ನಿಮ್ಮ ರಮ್ಯಕ್ಕ ಬೆಟ್ಟದಪುರದ ನಮ್ಮ ನಡುಮನೆಯಲ್ಲೇ ಕೂತು ಮದುವೆ ವಿಡಿಯೊಗಳನ್ನು ಜೋಡಿಸಿ ಕೊಡುತ್ತಾಳಲ್ಲ, ಆ ಕೆಲಸಕ್ಕೆಂದು ಆ ಅಂಗಡಿಯಿಂದ ಒಂದು ಎಸ್‌ಎಸ್‌ಡಿ ಡ್ರೈವ್ ಕೊಂಡು ತಂದಳು. ಬೆಂಕಿಪೊಟ್ಟಣದಷ್ಟಿರುವ ಡಬ್ಬಿ, ಹತ್ತು ಮದುವೆಗಳು ಅದರೊಳಗೆ ಕೂರುತ್ತವಂತೆ. ಜೊತೆಗೆ ಮಿರಮಿರ ಮಿಂಚುವ ಗಿಡ್ಡನೆಯ ಕಪ್ಪು ಕೇಬಲ್ಲು. ಮೊದಲ ದಿನ ಅದು ಓಡಿದ ವೇಗಕ್ಕೆ ರಮ್ಯ ಚಪ್ಪಾಳೆ ತಟ್ಟಿದಳು. ಮಾರನೆಯ ಬೆಳಿಗ್ಗೆ ಮೇಜು ಒರೆಸುವಾಗ ಆ ಕೇಬಲ್ಲು ನನ್ನ ಕಣ್ಣಿಗೆ ಬಿತ್ತು. ಇಷ್ಟು ಒಳ್ಳೆಯದನ್ನು ದಿನಾ ಎಳೆದಾಡಿದರೆ ಎಷ್ಟು ದಿನ ಬಾಳೀತು ಎಂದುಕೊಂಡು, ಸುತ್ತಿ, ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟೆ. ಅದರ ಜಾಗಕ್ಕೆ ಪವರ್ ಬ್ಯಾಂಕಿನ ಹಳೆಯ ಕೇಬಲ್ಲು ಸಿಕ್ಕಿಸಿದೆ. ಅದೂ ಗಿಡ್ಡ, ಅದೂ ಕಪ್ಪು, ಬಾಯಿಯ ಅಳತೆಯೂ ಒಂದೇ. ಯಾವ ಕೊಳಾಯಿಯಲ್ಲಿ ಬಂದರೂ ನೀರು ನೀರೇ ಎಂದು ನಂಬಿ ಬಾಳಿದವಳು ನಾನು.

ಅಂದಿನಿಂದ ಡ್ರೈವ್ ತೆವಳತೊಡಗಿತು. ರಮ್ಯ ಬೇರೆ ತೂತಿಗೆ ಚುಚ್ಚಿ ನೋಡಿದಳು, ಕಂಪ್ಯೂಟರ್ ಆರಿಸಿ ಹಾಕಿದಳು, ಎಲ್ಲವನ್ನೂ ಅಳಿಸಿ ಮತ್ತೆ ತುಂಬಿದಳು, ಪಿರಿಯಾಪಟ್ಟಣದ ಗೆಳತಿಯ ಲ್ಯಾಪ್‌ಟಾಪಿಗೂ ಹಾಕಿ ನೋಡಿದಳು. ಹೋದಲ್ಲೆಲ್ಲ ನನ್ನ ಕೇಬಲ್ಲೂ ಜೊತೆಗೇ ಹೋಯಿತು.

"ಡಬ್ಬದ ಮೇಲೆ ಬರ್ದಿರೋ ಸ್ಪೀಡಲ್ಲಿ ಇಪ್ಪತ್ತರಲ್ಲಿ ಒಂದು ಪಾಲೂ ಬತ್ತಿಲ್ಲ ಕಣಜ್ಜಿ. ನಕಲಿ ಮಾಲು ಕೊಟ್ಟವ್ನೆ ಆವಯ್ಯ."

"ಈಗಿನ್ ಜನ ಅಂಗೇ ಬುಡವ್ವ" ಎಂದೆ. ಮುಖ ನೋಡದ ಆ ಮನುಷ್ಯನನ್ನು ನಾನೂ ಎರಡು ಮಾತು ಬೈದೆ. ಬೈಯಲು ಮಾತ್ರ ನನಗೆ ಸಂಕೋಚವಿಲ್ಲ, ಎದುರಿಗೆ ಯಾರೂ ಇಲ್ಲದಿದ್ದರೆ.

ಕಣ್ಣಿನ ಔಷಧಿ ತರಬೇಕಿತ್ತು. ಹಾಗಾಗಿ ಅವಳು ಜಗಳಕ್ಕೆ ಹೊರಟ ದಿನ ನಾನೂ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಆರೇಳು ಗಿರಾಕಿಗಳಿದ್ದರು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಅಂಗಡಿಯವರು ಡ್ರೈವನ್ನು ರಮ್ಯ ಕೊಟ್ಟ ಕೇಬಲ್ಲಿನಿಂದಲೇ ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿದರು. ಅಲ್ಲಿಯೂ ತೆವಳಿತು. ಅವರ ಮುಖ ಸಪ್ಪಗಾಯಿತು.

"ಸೀಲ್ ಒಡೀದಿರೋ ಮಾಲು ಕಣಮ್ಮ ಇದು. ನಂಬಿಕೆ ಮೇಲೆ ಹದಿನೈದು ವರ್ಸದಿಂದ ಅಂಗಡಿ ನಡುಸ್ತಾ ಇವ್ನಿ."

"ನೋಡಿ ಸಾರ್, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ತಾಲೂಕಿನ ಸ್ಟುಡಿಯೊದವ್ರು ಇರೋ ಗ್ರೂಪು ಇದು" ಎಂದು ರಮ್ಯ ಫೋನ್ ಎತ್ತಿ ತೋರಿಸಿದಳು. "ಈಗ್ಲೇ ನಿಮ್ಮ ಅಂಗಡಿ ಹೆಸ್ರು ಹಾಕ್ತೀನಿ."

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅಂಗಡಿಯವರು ಕೇಬಲ್ಲನ್ನು ಬೆರಳಲ್ಲಿ ತಿರುವುತ್ತಾ, "ಇದು ಡಬ್ಬದಲ್ಲಿ ಬಂದದ್ದೇ ತಾನೆ?" ಎಂದರು.

"ಇನ್ಯಾವ್ದು ಮತ್ತೆ?" ಎಂದಳು ರಮ್ಯ.

ಬೀರುವಿನ ರೇಷ್ಮೆ ಸೀರೆ ನನ್ನ ಕಣ್ಣ ಮುಂದೆ ಬಂತು. ಪರಗಂಡಸರ ಮುಂದೆ ನಾನು ಬಾಯಿ ಬಿಟ್ಟವಳಲ್ಲ. ಬಸ್ಸಿನಲ್ಲಿ ನನ್ನ ಸ್ಟಾಪ್ ಬಂದರೂ ನಿಲ್ಲಿಸಿ ಎನ್ನಲಾರದೆ ಬೇರೆ ಯಾರಾದರೂ ಇಳಿಯಲಿ ಎಂದು ಕಾಯುವವಳು. ಆದರೆ ರಮ್ಯನ ಹೆಬ್ಬೆರಳು ಆಗಲೇ ಫೋನಿನ ಮೇಲೆ ಓಡುತ್ತಿತ್ತು. "ಅದಲ್ಲ" ಎಂದೆ. ಯಾರಿಗೂ ಕೇಳಿಸಲಿಲ್ಲ. ಎದ್ದು ನಿಂತೆ. "ಅದು ಡಬ್ಬದ್ದಲ್ಲ. ಡಬ್ಬದ್ದ ನಾನು ಎತ್ತಿಟ್ಟಿವ್ನಿ. ಇವರದೇನೂ ತಪ್ಪಿಲ್ಲ." ಈ ಸಲ ಬೀದಿಯವರೆಗೂ ಕೇಳಿಸಿರಬೇಕು.

ಅಂಗಡಿಯವರು ತಮ್ಮದೊಂದು ಕೇಬಲ್ಲು ತೆಗೆದು ಸಿಕ್ಕಿಸಿದರು. ಪರದೆಯ ಮೇಲಿನ ಅಂಕಿ ಒಂದೇ ನೆಗೆತಕ್ಕೆ ಮೇಲೇರಿತು. ರಮ್ಯ ಬರೆದದ್ದನ್ನೆಲ್ಲ ಅಳಿಸಿ, ತಲೆ ತಗ್ಗಿಸಿ, "ತಪ್ಪಾಯ್ತು ಸಾರ್" ಎಂದಳು.

"ಇರ್ಲಿ ಬುಡಮ್ಮ. ಇದು ಚಾರ್ಜ್ ಮಾಡಕ್ಕೆ ಅಂತ ಇರೋ ವೈರು. ಕರೆಂಟ್ ಚೆನ್ನಾಗೇ ಬತ್ತದೆ, ವಿಡಿಯೊ ಮಾತ್ರ ತೊಟ್ಟು ತೊಟ್ಟೇ ಹೋಗದು. ನಾನೂ ಮೊದ್ಲೇ ನೋಡ್ಬೇಕಾಗಿತ್ತು." ಆಮೇಲೆ ನನ್ನ ಕಡೆ ತಿರುಗಿ ನಕ್ಕರು. "ನಮ್ಮವ್ವನೂ ಇಂಗೇ ಕಣವ್ವ. ನಾನು ಕೊಡ್ಸಿದ ಕುಕ್ಕರು ಇನ್ನೂ ಡಬ್ಬದಲ್ಲೇ ಅದೆ."

ವಾಪಸು ಬರುವಾಗ ಬಸ್ಸಿನಲ್ಲಿ ರಮ್ಯ ನನ್ನ ಪಕ್ಕದಲ್ಲೇ ಕೂತಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ನನ್ನ ಕೈ ಹಿಡಿದುಕೊಂಡು, "ಅಜ್ಜಿ, ನಿಜ ಹೇಳು. ಇನ್ನೂ ಏನೇನ್ ಎತ್ತಿಟ್ಟಿದ್ದೀಯ?" ಎಂದಳು.

"ಏನೂ ಇಲ್ಲ ಕಣವ್ವ" ಎಂದೆ. ಒಂದು ದಿನಕ್ಕೆ ಒಂದು ನಿಜ ಸಾಕೆನ್ನಿಸಿತು.

ಇದನ್ನು ಓದಿದ ಮೇಲೆ ನೀವೆಲ್ಲ ಸೇರಿ ಬೀರು ತೆರೆದು ನೋಡುವಿರೆಂದು ನನಗೆ ಗೊತ್ತು. ನೋಡಿ, ತಪ್ಪೇನಿಲ್ಲ. ಬೀಗದ ಕೈ ಎಲ್ಲಿದೆ ಎಂದು ಬರೆಯುವಷ್ಟು ಧೈರ್ಯ ಮಾತ್ರ ನನಗಿನ್ನೂ ಬಂದಿಲ್ಲ.