ಮಗ್ಗದವರಿಗೆ ವೈರಿಂಗ್ ಪಾಠ

ಇದು ಹೋದ ವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ಬೆಟಗೇರಿಯಲ್ಲಿ ನಡೆದದ್ದು. ಹೊರದೇಶದ ಅಗ್ಗದ ಬಟ್ಟೆ ಬಂದು ನಮ್ಮ ಭಾಗದ ಒಂದು ಪವರ್‌ಲೂಮ್ ಕಾರ್ಖಾನೆ ಮುಚ್ಚಿತ್ತು. ಕೆಲಸ ಹೋದವರಿಗೆ ಸರಕಾರ ಉಚಿತವಾಗಿ ಮನೆ ವೈರಿಂಗ್ ಕಲಿಸಿತು. ಬಿಎಸ್ಸಿ ಮುಗಿಸಿದ ನಾನು ಕಲಿಸುವವನು. ಮಗ್ಗದ ಮುಂದೆ ಬದುಕಿದವರಿಗೆ ಕರೆಂಟಿನ ಪಾಠ ಹೇಳಲು ಹೋದರೆ ಇಂಥವು ನಡೆಯುತ್ತಲೇ ಇರುತ್ತವೆ. ಕೆಲವನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

೧. ಗಿರಣಿಯವನ ದೂರು

ಮಗ್ಗದ ಸಪ್ಪಳದಲ್ಲಿ ಕೂಗಿ ಕೂಗಿ ರೂಢಿಯಾದವರು ಗುಟ್ಟನ್ನೂ ಕೂಗಿಯೇ ಹೇಳುತ್ತಾರೆ. ಬ್ಯಾಚಿನಲ್ಲಿ ಎಲ್ಲರಿಗಿಂತ ಹಿರಿಯರಾದವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಮೊದಲ ದಿನ ಅವರು, "ಸರ, ನಾಷ್ಟಾ ಆತೇನ್ರಿ?" ಎಂದು ನನ್ನನ್ನು ಕೇಳಿದರು. ಜಗಳ ಬಿಡಿಸಲು ರಸ್ತೆಯಿಂದ ಇಬ್ಬರು ಓಡಿ ಬಂದರು.

ಮರುದಿನ ಪಕ್ಕದ ಹಿಟ್ಟಿನ ಗಿರಣಿಯವನು ಬಂದ. "ಸರ, ನಿಮ್ಮ ಮಂದಿಗೆ ಒಂದೀಟು ಹೇಳ್ರಿ. ನಮ್ಮ ಗಿರಣಿ ಓಡಾಕ ಹತ್ತೈತೋ ನಿಂತೈತೋ ನಮಗ ತಿಳೀವಲ್ದು."

ಸುಮ್ಮನೆ ಕೆಲಸ ಮಾಡಿ ಎಂದೆ. ಎಲ್ಲರೂ ಬಾಯಿ ಮುಚ್ಚಿದರು. ಕಾಕಾರ ಕೈಯಿಂದ ಸ್ಕ್ರೂ ಮೇಲಿಂದ ಮೇಲೆ ಬೀಳತೊಡಗಿತು.

"ಸಪ್ಪಳಿಲ್ಲಂದ್ರ ನನ್ನ ಕೈ ಓಡಂಗಿಲ್ರಿ ಸರ. ಮಗ್ಗ ಸುಮ್ಮನಾತಂದ್ರ ಏನೋ ಕೆಟ್ಟೈತಿ ಅಂತನ ಲೆಕ್ಕ."

ಅವರು ತಮ್ಮ ಬೆಂಚನ್ನು ಗಿರಣಿಯ ಕಡೆಯ ಕಿಟಕಿಗೆ ಎಳೆದುಕೊಂಡರು. ಕೈ ನೆಟ್ಟಗಾಯಿತು. ದಿನಾ ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ಬರುತ್ತಿದ್ದ ಬ್ಯಾಚಿನ ಅಕ್ಕ ಒಬ್ಬರು ಆ ತುದಿಯಿಂದ ಕೂಗಿದರು: "ಕಾಕಾ, ಅಲ್ಲೇ ಕುಂಡ್ರಿ! ಸಂಜೀಕ ಮೈಮ್ಯಾಲಿನ ಹಿಟ್ಟು ಝಾಡಿಸಿದ್ರ ಎರಡು ರೊಟ್ಟಿ ಆಕ್ಕಾವ!"

೨. ಉಗುಳಿನ ಗಂಟು

ತರಬೇತಿಯ ಕೊನೆಗಿದ್ದ ಪರೀಕ್ಷೆಯನ್ನು ಕಾಕಾ ಪಾಸಾಗಲೇಬೇಕಿತ್ತು. ಪಾಸಾದರೆ ಪ್ರಮಾಣಪತ್ರ, ಊರಲ್ಲೇ ಕೆಲಸ. ಇಲ್ಲದಿದ್ದರೆ ಮಹಾರಾಷ್ಟ್ರದ ಇಚಲಕರಂಜಿಯ ಮಗ್ಗಗಳಿಗೆ ಒಬ್ಬರೇ ಹೋಗಬೇಕು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಅವರ ಹೆಂಡತಿ ಬರುವ ಹಾಗಿರಲಿಲ್ಲ.

"ದಿನಾ ಒಮ್ಮೆ ಆಕಿ ಕೂಡ ಜಗಳಾಡಲಿಲ್ಲಂದ್ರ ಉಂಡದ್ದು ಕರಗಂಗಿಲ್ರಿ ನನಗ," ಎನ್ನುತ್ತಿದ್ದರು.

ಒಂದು ದಿನ ತುಂಡಾದ ವೈರನ್ನು ಜೋಡಿಸಲು ಕೊಟ್ಟೆ. ಕಾಕಾ ತುದಿ ಸುಲಿದರು. ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿಕೊಂಡರು. ತಾಮ್ರದ ಎಳೆಗಳ ಕಡೆ ಕೈ ಚಾಚಿದರು. ಮೇನ್ ಸ್ವಿಚ್ ಆರಿಸಿದ್ದೆ. ಆದರೂ ಓಡಿ ಹೋಗಿ ಅವರ ಕೈ ಹಿಡಿದೆ.

"ಕಾಕಾ! ಏನ್ ಮಾಡಾಕತ್ತೀರಿ?"

"ಮಗ್ಗದಾಗ ಎಳಿ ಹರಿದ್ರ ಹಿಂಗ ಕೂಡಸೋದ್ರಿ ಸರ. ಉಗುಳು ಹಚ್ಚಿ ಹೊಸೆದ್ರ ಗಂಟು ಕಾಣಂಗಿಲ್ಲ."

ಒದ್ದೆ ಕೈ ಮತ್ತು ವಿದ್ಯುತ್ತಿನ ಸಂಬಂಧವನ್ನು ಹಿಂದಿನ ದಿನವಷ್ಟೇ ಚಿತ್ರ ಬರೆದು ಹೇಳಿದ್ದೆ. ಇದು ಕಾಕಾರೊಬ್ಬರ ತಪ್ಪಿರಬೇಕೆಂದು ಸುತ್ತ ನೋಡಿದೆ. ಇಡೀ ಬ್ಯಾಚಿನ ಬೆರಳು ಬಾಯಲ್ಲಿತ್ತು.

೩. ಸಾಹೇಬರ ಅಂಗಿ

ಮಾರ್ಚ್‌ನಲ್ಲಿ ಮೇಲಿನ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಹೊರಗಿನ ಬಟ್ಟೆಯಿಂದ ಪೆಟ್ಟು ತಿಂದ ನಿಮ್ಮ ಕೈಯನ್ನು ಸರಕಾರ ಬಿಡುವುದಿಲ್ಲ ಎಂದು ಭಾಷಣ ಮಾಡಿದರು. ಚಪ್ಪಾಳೆ ಮುಗಿದ ಮೇಲೆ ಕಾಕಾ ಸಾಹೇಬರ ಹತ್ತಿರ ಹೋಗಿ ಅವರ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದರು. ಮಗ್ಗದವರಿಗೆ ಇದು ನಮಸ್ಕಾರದಷ್ಟೇ ಸಹಜ.

"ಭಾಳ ಛಲೋ ಅರಿವಿ ಸಾಹೇಬ್ರ. ನಮ್ಮ ಕಾರ್ಖಾನಿ ಮುಚ್ಚಿಸಿದ್ದು ಇದನ ನೋಡ್ರಿ."

ಮಾತಿನಲ್ಲಿ ಸಿಟ್ಟಿರಲಿಲ್ಲ. ತನ್ನನ್ನು ಕೆಡವಿದ ಪೈಲ್ವಾನನನ್ನು ಸಂತೆಯಲ್ಲಿ ಕಂಡ ಗೌರವವಿತ್ತು.

ಮುಂದಿನ ತಿಂಗಳು ಸಾಹೇಬರು ಆ ಬಿಸಿಲಲ್ಲೂ ಅಂಗಿಯ ಮೇಲೊಂದು ಜಾಕೀಟು ತೊಟ್ಟು ಬಂದರು. ಕಾಕಾ ಪ್ರೀತಿಯಿಂದ ಅದನ್ನೂ ತಿಕ್ಕಿದರು.

"ಇದು ಅದರ ತಮ್ಮರಿ."

೪. ಅಮಾವಾಸ್ಯೆಯ ಪರೀಕ್ಷೆ

ಬೋರ್ಡಿಗೆ ವೈರು ಜೋಡಿಸಿ ಒಂದು ಬಲ್ಬು ಹತ್ತಿಸುವುದು ಪರೀಕ್ಷೆ. ಹೊರಗಿನಿಂದ ಪರೀಕ್ಷಕರು ಬಂದರು. ಒಬ್ಬರೊಡನೊಬ್ಬರು ಮಾತಾಡಿದರೆ ಹೊರಗೆ ಹಾಕುತ್ತೇನೆ ಎಂದರು. ಕಾಕಾ ಕಿಟಕಿಯ ಬೆಂಚಿನಲ್ಲಿ ಕೂತರು. ಆಗ ನಮಗೆ ಹೊಳೆಯಿತು. ಅಂದು ಅಮಾವಾಸ್ಯೆ. ಪ್ರತಿ ಅಮಾವಾಸ್ಯೆಗೆ ಗಿರಣಿ ಬಂದ್.

ಕಾಕಾರ ಸ್ಕ್ರೂ ಬಿತ್ತು. ಎತ್ತಿಕೊಂಡರು. ಮತ್ತೆ ಬಿತ್ತು. ಉಳಿದವರೆಲ್ಲರ ಬಲ್ಬು ಹತ್ತಿತು. ಕಾಕಾ ತಮಗೆ ತಾವೇ ಪಿಸುಗುಟ್ಟಿಕೊಂಡರು. ಅದು ರಸ್ತೆಯವರೆಗೂ ಕೇಳಿತು: "ಆತು ಬಿಡು. ಇಚಲಕರಂಜಿ ಬಸ್ಸಿಗೆ ಹ್ವಾದ್ರಾತು."

ಲಕ್ಷ್ಮೇಶ್ವರದ ಅಕ್ಕ ಗೋಡೆ ನೋಡುತ್ತ ಬೆರಳ ಗಂಟಿನಿಂದ ಬೆಂಚು ಬಡಿದರು. ಖಟ್-ಖಟ್. ಖಟ್-ಖಟ್. ಹಿಂದಿನವರೊಬ್ಬರು ದನಿಗೂಡಿಸಿದರು. ನಂತರ ಆ ಸಾಲು, ಈ ಸಾಲು. ಮುಚ್ಚಿದ ಕಾರ್ಖಾನೆ ಮತ್ತೆ ಶುರುವಾಯಿತು. ಕಾಕಾರ ಬೆನ್ನು ನೆಟ್ಟಗಾಯಿತು, ಕೈ ಓಡಿತು. ಬಲ್ಬು ಹತ್ತಿತು.

ಪರೀಕ್ಷಕರು ಬೋರ್ಡು ತಿರುಗಿಸಿ ನೋಡಿದರು. 'ಪಾಸ್' ಎಂದು ಬರೆದರು. ಆಮೇಲೆ ಕನ್ನಡಕ ತೆಗೆದರು.

"ಮಾತಾಡಬ್ಯಾಡ್ರಿ ಅಂದ್ರ ಬೆಂಚು ಬಡೀತೀರಲ್ಲ! ಯಾರ್ಯಾರು ಬಡಿದ್ರಿ? ಕೈ ಎತ್ರಿ."

ಕಾಕಾರೂ ಎತ್ತಿದರು.

"ನೀವ್ಯಾಕ ಎತ್ತೀರಿ? ನೀವು ಬಡೀಲಿಲ್ಲಲ್ಲ?"

"ನಮ್ಮ ಪಾಳಿ ಮಂದಿ ಎಲ್ಲಾ ಎತ್ಯಾರರಿ. ನಾ ಒಬ್ಬ ಹ್ಯಾಂಗ ಬಿಡ್ಲಿ?"

ಪರೀಕ್ಷಕರು ಕೈಗಳನ್ನು ಎಣಿಸಿದರು. ಬ್ಯಾಚಿನಲ್ಲಿದ್ದವರು ಇಪ್ಪತ್ತೊಂದು ಮಂದಿ. ಎದ್ದ ಕೈಗಳು, ನನ್ನದೂ ಸೇರಿ, ಇಪ್ಪತ್ತೆರಡು.