ಮಂಡಿಗಾಗಿ ಎತ್ತರವಾದ ಮನೆ

ಮರವನ್ನು ಬೇಕಾದ ಹಾಗೆ ಕೊಯ್ದು ಜೋಡಿಸುವ ಬಡಗಿ ನಾನು. ಆದರೆ ನನ್ನ ಮಂಡಿಯನ್ನು ಇನ್ನೊಬ್ಬರು ಕೊಯ್ದು ಜೋಡಿಸಲು ಬಿಡುವ ಗಂಡು ನಾನಲ್ಲ! ಆಸ್ಪತ್ರೆಯಿಂದ ಬಂದವನೇ ನಡುಮನೆಯಲ್ಲಿ ನಿಂತು ಹೀಗೆಂದು ಸಾರಿದೆ. ಸಾರಿ ಮುಗಿಸುವಷ್ಟರಲ್ಲಿ "ಅಮ್ಮಾ!" ಎಂದು ಕುರ್ಚಿಯಲ್ಲಿ ಕುಸಿದೆ.

ಮಂಡಿ ಸವೆದಿದೆ ಎಂದಿದ್ದರು ಡಾಕ್ಟರಮ್ಮ. ಗಿರಾಕಿಗಳ ಮನೆಯಲ್ಲಿ ಕೆಳಗಿನ ಕಪಾಟಿಗೆ ತಿರುಪು ಹಾಕಲು ಕುಕ್ಕರಗಾಲಲ್ಲಿ ಕೂತರೆ, ಏಳಲು ಕಪಾಟನ್ನೇ ಹಿಡಿದು ಜಗ್ಗಬೇಕು. ಒಮ್ಮೆ ಬಾಗಿಲೇ ಕಳಚಿ ಕೈಗೆ ಬಂತು! ಹೀಗೇ ಆದರೆ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕಾದೀತು ಎಂದು ಒಳಗೊಳಗೇ ಹೆದರಿದ್ದೆ.

"ಈಗ್ಲೇ ಆಪರೇಷನ್ ಬೇಡ. ತೂಕ ಇಳಿಸಿ, ನಡೀರಿ. ಎತ್ತರದ ಕುರ್ಚೀಲಿ ಕೂತು ಒಂದೊಂದೇ ಕಾಲನ್ನ ಮುಂದಕ್ಕೆ ಚಾಚಿ, ಬಿಗಿಹಿಡಿದು, ಇಳಿಸಿ. ತೊಡೆಗೆ ಬಲ ಬಂದ್ರೆ ಮಂಡಿಗೆ ಆರಾಮ" ಎಂದಿದ್ದರು ಅವರು. ಇಷ್ಟು ಉಪದೇಶದಲ್ಲಿ ನನ್ನ ಕಿವಿಗೆ ಬಿದ್ದದ್ದು 'ಎತ್ತರದ ಕುರ್ಚಿ' ಮಾತ್ರ. ಅದು ನನ್ನದೇ ಇಲಾಖೆ ತಾನೇ!

ಮರುದಿನವೇ ಕುರ್ಚಿಯ ಕಾಲಿಗೆ ಮರದ ತುಂಡು ಸೇರಿಸಿ ಎತ್ತರಿಸಿದೆ. ಮೇಜು ತಗ್ಗಾಗಿ ಕಂಡಿತು, ಅದನ್ನೂ ಎತ್ತರಿಸಿದೆ. ಮೇಜಿನ ಮಾನ ಕಾಪಾಡಲು ಉಳಿದ ಕುರ್ಚಿಗಳು, ಆಮೇಲೆ ಸೋಫಾ, ಕೊನೆಗೆ ಮಂಚ! ಮನೆಯೆಲ್ಲ ಬೆಳೆಯಿತು; ಬೆಳೆಯದೆ ಉಳಿದವಳು ನನ್ನ ಹೆಂಡತಿ ಒಬ್ಬಳೇ. ಆಕೆ ನನ್ನ ಭುಜಕ್ಕೂ ಬರುವುದಿಲ್ಲ.

"ರೀ, ಇದು ಮಂಚಾನೋ ಅಟ್ಟಾನೋ? ಹತ್ತೋಕೆ ಏಣಿ ಎಲ್ಲಿ?"

"ನನ್ನ ಮಂಡಿಗೋಸ್ಕರ ಸ್ವಲ್ಪ ಸಹಿಸ್ಕೊಳ್ಳೇ!"

"ವ್ಯಾಯಾಮ ಮಾಡಿದ್ರಾ?"

"ಇಷ್ಟೆಲ್ಲ ಮಾಡಿದ್ದು ವ್ಯಾಯಾಮ ಅಲ್ವಾ?"

ಎರಡೂ ಮಂಡಿ ಬದಲಾಯಿಸಿಕೊಂಡ ನನ್ನ ಅಕ್ಕ ಬಂದು ಈ ವೈಭವ ನೋಡಿದಳು. "ಮೂಳೆಗೆ ಮೂಳೆ ಉಜ್ಜಿ ನಿದ್ದೇನೇ ಬರ್ತಿರ್ಲಿಲ್ಲ ಕಣೋ ನಂಗೆ, ಅದಕ್ಕೇ ಆಪರೇಷನ್ ಮಾಡಿಸ್ಕೊಂಡೆ. ಆಮೇಲೂ ಅಳ್ತಾ ಅಳ್ತಾ ವ್ಯಾಯಾಮ ಮಾಡ್ದೆ. ಆಪರೇಷನ್ ಆದ್ರೂ ವ್ಯಾಯಾಮ ತಪ್ಪಲ್ಲ, ಆಗ್ದಿದ್ರೂ ತಪ್ಪಲ್ಲ. ನೀನು ಸಿಂಹಾಸನ ಕಟ್ಕೊಂಡು ಕೂತಿದೀಯ!" ಎಂದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಎದುರಿನ ಕುರ್ಚಿಯಲ್ಲಿ ಹೆಂಡತಿಯ ಪಾದ ನೆಲಕ್ಕೆ ಎಟುಕುತ್ತಿರಲಿಲ್ಲ. ಟಿ.ವಿ. ನೋಡುತ್ತಾ ಒಂದು ಕಾಲು ಚಾಚುವಳು, ಇಳಿಸುವಳು, ಮತ್ತೊಂದು ಚಾಚುವಳು. ನಾನು ನಕ್ಕರೆ, "ನೇತಾಡಿಸಿ ನೇತಾಡಿಸಿ ಕಾಲು ಜೋಮು ಹಿಡಿಯುತ್ತೆ, ನಗ್ತೀರಲ್ಲ!" ಎಂದು ಗದರುವಳು.

ಕೆಲವು ತಿಂಗಳ ಮೇಲೆ ಹೆಂಡತಿಯ ಜೊತೆ ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ನನ್ನ ತೊಡೆ ಒತ್ತಿ ನೋಡಿ ಹುಬ್ಬು ಗಂಟಿಕ್ಕಿದರು. "ಮೊದಲಿಗಿಂತ ಸೊರಗಿದೆ. ಹೀಗೇ ಇದ್ರೆ ಆಪರೇಷನ್ ಮಾಡ್ಲೇಬೇಕಾಗುತ್ತೆ."

ಅಷ್ಟರಲ್ಲಿ ಹೆಂಡತಿ ಮೆಲ್ಲಗೆ, "ಡಾಕ್ಟ್ರೇ, ನನ್ನ ಮಂಡೀನೂ ಒಂಚೂರು ನೋಡಿ. ತುಂಬಾ ದಿನದಿಂದ ನೋವಿತ್ತು, ಈಚೆಗೆ ಯಾಕೋ ಕಮ್ಮಿ" ಎಂದಳು.

ಡಾಕ್ಟರಮ್ಮ ನೋಡಿ ಅರಳಿದರು. "ನಿಮಗೂ ಸವೆತ ಇದೆ, ಆದ್ರೆ ತೊಡೆ ಎಷ್ಟು ಗಟ್ಟಿ ಇದೆ! ಯಾರು ಹೇಳ್ಕೊಟ್ರು ವ್ಯಾಯಾಮ?"

"ವ್ಯಾಯಾಮಾನಾ? ಇವ್ರು ಮಾಡಿದ ಕುರ್ಚೀಲಿ ಕಾಲು ನೆಲಕ್ಕೆ ಎಟುಕಲ್ಲ. ಸುಮ್ನೆ ಚಾಚ್ತಾ ಕೂತಿರ್ತೀನಿ."

ನಾನು ಹೆಂಡತಿಯ ಕಡೆ ತಿರುಗಿದೆ. "ನಿಂಗೂ ನೋವಿತ್ತಾ? ಹೇಳ್ಲೇ ಇಲ್ವಲ್ಲೇ!"

"ನಿಮ್ಮ ಮಂಡಿ ಮಾತು ಮುಗಿದ್ರೆ ತಾನೇ ನನ್ನ ಮಂಡಿ ಸರದಿ?"

ನಾಚಿಕೆಯಿಂದ ತಲೆ ತಗ್ಗಿತು. ಇನ್ನು ಮೈಗಳ್ಳತನ ಸಾಕು, ದಿನಾ ಇವಳ ಜೊತೆ ಕೂತು ಕಾಲು ಚಾಚಿಯೇ ತೀರುತ್ತೇನೆ. ಅದಕ್ಕೂ ಮಂಡಿ ಬಗ್ಗದಿದ್ದರೆ ಅಕ್ಕನಂತೆ ಧೈರ್ಯವಾಗಿ ಆಪರೇಷನ್ನಿಗೂ ಸೈ ಎಂದು ಗಟ್ಟಿ ಮನಸ್ಸು ಮಾಡಿದೆ. ಆದರೆ ಮೊದಲು ಇವಳಲ್ಲಿ ಕ್ಷಮೆ ಕೇಳಬೇಕಲ್ಲ! ಡಾಕ್ಟರಮ್ಮನ ಎದುರೇ ಮಂಡಿಯೂರಲು ಮೆಲ್ಲಗೆ ಬಗ್ಗಿದೆ.

ಹೆಂಡತಿ ಥಟ್ಟನೆ ನನ್ನ ರಟ್ಟೆ ಹಿಡಿದಳು. "ನಿಂತ್ಕೊಂಡೇ ಕೇಳ್ರೀ! ಕೂತ್ರೆ ಎಬ್ಬಿಸ್ಬೇಕಾದವಳೂ ನಾನೇ!"